ಸೋತವರಿಗೆ ನೆಲ

ಡಿಸ್ಕನ್ನು ಡ್ರೈವಿನೊಳಗೆ ತಳ್ಳುವ ಮೊದಲು ಅಕ್ಕ ಒಂದು ಗಳಿಗೆ ಕಣ್ಣು ಮುಚ್ಚಿ ದೇವರನ್ನು ನೆನೆದಳು. ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ತಮ್ಮ ನಕ್ಕ. "ದೇವರ ಹತ್ರನೂ ಸುಳ್ಳು ಸಾಕ್ಷಿ ಹೇಳಿಸ್ತೀಯೇನೇ ಅಕ್ಕ? ಆವತ್ತು ಗೆದ್ದಿದ್ದು ನಾನು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಇಬ್ಬರೂ ಮೂವತ್ತೈದು ವರ್ಷದಿಂದ ಸಾಧಿಸುತ್ತಿದ್ದರು. ಚಿಕ್ಕಂದಿನ ಆ ವಿಡಿಯೊ ಗೇಮಿನ ಕೊನೆಯ ಪಂದ್ಯದ ಅಂಕಗಳು ಈ ಡಿಸ್ಕಿನಲ್ಲೇ ಉಳಿದಿದ್ದವು. ಓದಬೇಕಾದ ಡ್ರೈವ್ ಮಾತ್ರ ಮೂಕವಾಗಿತ್ತು. ಅದರ ರಬ್ಬರ್ ಬೆಲ್ಟ್ ಕರಗಿ ಡಾಂಬರಿನಂತಾಗಿತ್ತು. ಹೊಲಿಗೆ ಯಂತ್ರಗಳ ರಿಪೇರಿಯಲ್ಲಿ ಪಳಗಿದ ಅಕ್ಕ, ಡ್ರೈವಿನ ಗಾಲಿಗಳ ಸುತ್ತ ದಾರ ಸುತ್ತಿ ಅಳತೆ ತೆಗೆದು, ಹಳೆಯ ಟೇಪ್ ರೆಕಾರ್ಡರಿನ ಬೆಲ್ಟನ್ನು ಅದಕ್ಕೆ ಒಗ್ಗಿಸಿದ್ದಳು.

ಡ್ರೈವ್ ಗುರ್ರೆಂದು ತಿರುಗಿತು, ಡಿಸ್ಕ್ ಓದಲಾಗದೆ ನಿಂತಿತು. "ನೋಡ್ದ್ಯಾ, ನಿನ್ನ ಬಡಾಯಿಗೆ ಅದಕ್ಕೂ ನಾಚಿಕೆ ಆಯ್ತು," ಎಂದ ತಮ್ಮ. ಅಕ್ಕ ಇನ್ನೊಮ್ಮೆ ಅದನ್ನು ಓಡಿಸಿ ಕಿವಿ ಆನಿಸಿದಳು. ಓಟ ತುಸು ನಿಧಾನವೆಂದು ಕಿವಿಯೇ ಹೇಳಿತು. ವೇಗದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಡಿಸ್ಕನ್ನು ಮತ್ತೆ ತಳ್ಳಿದಳು.

ಈ ಸಲ ಸದ್ದು ಒಂದೇ ಸಮನೆ ಹರಿಯಿತು. ಪರದೆಯ ಮೇಲೆ ಅಂಕಪಟ್ಟಿ ಮೂಡಿತು. ಎರಡನೆಯ ಸಾಲಿನಲ್ಲಿ ತಮ್ಮನ ಹೆಸರು. ಅದರ ಮೇಲೆ, ಅಕ್ಕನನ್ನು ಅಣಕಿಸಲು ಅವನೇ ಇಟ್ಟಿದ್ದ ಹೆಸರು: ಗುಬ್ಬಿ.

"ನಮ್ಮ ಕಾನೂನು ನೆನಪಿದೆಯೇನೋ?" ಎಂದಳು ಅಕ್ಕ.

"ಗೆದ್ದೋರಿಗೆ ಕುರ್ಚಿ, ಸೋತೋರಿಗೆ ನೆಲ," ಎಂದು ಗೊಣಗುತ್ತ, ನಲವತ್ತೈದು ದಾಟಿದ ತಮ್ಮ ಮಂಡಿ ಹಿಡಿದುಕೊಂಡು ನೆಲಕ್ಕಿಳಿದ. ಗುಬ್ಬಿ ಕುರ್ಚಿ ಏರಿದಳು.