ಸೆರಗು ಮುಚ್ಚಿದ ಲೋಟ

“ಅಂತೂ ಗಂಡನನ್ನ ಸೋಲಿಸಿಬಿಟ್ಟೆ, ಬೇಟಾ!” ಗುಡ್ಡ ಇಳಿದು ಬಂದ ಮೇದಿನಿಯನ್ನು ಕಂಡು ಕಾಂತಾಬೆನ್ ನಕ್ಕಳು. ಮ್ಯಾರಥಾನಿನ ನೀರಿನ ಮೇಜನ್ನು ಆಗಲೇ ಮಡಚಿದ್ದರು. ಗುಜರಾತಿನ ಪಾವಾಗಢ ಬೆಟ್ಟದ ಬುಡದ ಹಳ್ಳಿಯವಳಾದ ಕಾಂತಾಬೆನ್ ಮಾತ್ರ ಒಂದು ಲೋಟ ಮಜ್ಜಿಗೆಯನ್ನು ಸೆರಗಿನಿಂದ ಮುಚ್ಚಿ ಹಿಡಿದು ನಿಂತಿದ್ದಳು. “ಎಷ್ಟು ಜನ ಕೇಳಿದರೂ ಕೊಡಲಿಲ್ಲ. ಇದು ಅವನದು.”

ಹತ್ತುವಾಗ ಇವಳೇ ಮೇದಿನಿಯ ಕೊರಳ ಕರಿಮಣಿ ನೋಡಿ, “ಒಬ್ಬಳೇ ಓಡ್ತೀಯಾ?” ಎಂದಿದ್ದಳು. “ಅವರು ಹಿಂದೆ ಬರ್ತಿದ್ದಾರೆ” ಎಂದುಬಿಟ್ಟಿದ್ದಳು ಮೇದಿನಿ. ವಡೋದರಾದಲ್ಲಿ ಹಾಲಿನವನಿಗೆ, ಕೊರಿಯರ್‌ನವನಿಗೆ ದಿನವೂ ಇಂಥದೇ ಉತ್ತರ: ಊರಿಗೆ ಹೋಗಿದ್ದಾರೆ, ಆಫೀಸಿನಲ್ಲಿದ್ದಾರೆ. ಅವರ್‍ಯಾರೂ ಗಂಡ ಉಮಾಕಾಂತನಿಗಾಗಿ ಕಾದು ನಿಂತಿರಲಿಲ್ಲ.

ಓಟದಲ್ಲಿ ಮೇದಿನಿಯೇ ಕೊನೆಯವಳು. ಅವಳ ಹಿಂದೆ, ದಣಿದವರನ್ನು ಹತ್ತಿಸಿಕೊಳ್ಳುವ ಆಂಬುಲೆನ್ಸ್ ನಿಧಾನವಾಗಿ ಇಳಿದು ಬಂತು. ಕಾಂತಾಬೆನ್ ಕತ್ತು ಚಾಚಿ ಅದರೊಳಗೆ ಇಣುಕಿದಳು. “ಅರೇ, ಇದರಲ್ಲೂ ಇಲ್ಲ! ಇನ್ನೂ ಮೇಲೇ ಕೂತಿದ್ದಾನಾ ಸೋಮಾರಿ? ಬರಲಿ, ನಾನು ಕಾಯ್ತೀನಿ.”

ಹೂಂ ಎಂದು ಹೊರಟುಬಿಡಬಹುದಿತ್ತು. ಆದರೆ ಬಿಸಿಲಲ್ಲಿ ಆ ಕೈ ಲೋಟ ಹಿಡಿದೇ ಇರುತ್ತಿತ್ತು.

“ಕಾಯಬೇಡಿ, ಮಾಸಿ” ಎಂದಳು ಮೇದಿನಿ. “ಅವರು ಹೋಳಿ ಹಬ್ಬಕ್ಕೆ ಮುಂಚೆಯೇ ತೀರಿಕೊಂಡರು.”

ಆ ಮಾತನ್ನು ತನ್ನದೇ ದನಿಯಲ್ಲಿ ಅವಳು ಕೇಳಿದ್ದು ಅದೇ ಮೊದಲು.