ಹೊರಡುವ ಮುನ್ನದ ಪಟ್ಟಿ

"ಗ್ಯಾಸ್ ಬಂದ್?" ಮೇವಿಸ್ ಪಟ್ಟಿ ನೋಡಿ ಕೂಗಿದಳು.

"ಆಯ್ತು," ಎಂದ ಗಂಡ ಓರ್ವಿಲ್.

"ಮೆಟ್ಟಿಲು ಒಳಗೆ?"

"ಆಯ್ತು. ಬೇಗ ಬೇಗ ಓದೇ, ಇವತ್ತು ಐನೂರು ಕಿಲೋಮೀಟರ್ ಹೋಗ್ಬೇಕು."

ದೂರದ ಉತ್ತರದ ಯೂಕಾನ್ ಸೀಮೆಯ ಕಾಡಿನಲ್ಲಿ, ಅಡುಗೆ-ಹಾಸಿಗೆ ಎಲ್ಲ ಒಳಗೇ ಇದ್ದ ಅವರ ಮನೆಬಂಡಿಗೆ ಇದು ಮೂರನೆಯ ಬೆಳಗು. ರಾತ್ರಿ ಕೋಣೆ ಅಗಲವಾಗಲೆಂದು ಹೊರಗೆ ಚಾಚಿದ್ದ ಬಂಡಿಯ ಪಕ್ಕದ ಗೋಡೆಯನ್ನು ಒಳಗೆಳೆದರೆ ಹೊರಟಂತೆಯೇ. ಓರ್ವಿಲ್ ಅದನ್ನು ಒಳಗೆಳೆಯುವ ಗುಂಡಿಯ ಮೇಲೆ ಬೆರಳಿಟ್ಟು ಕಾದ. ಮುಂದಿನ ಸಾಲು ಬರಲಿಲ್ಲ.

"ಏನೇ, ನಾಲಿಗೆ ಬಿದ್ದೋಯ್ತಾ?"

"ಬೆರಳು ತೆಗಿ," ಕಿಟಕಿಗೆ ಹಣೆ ಹಚ್ಚಿದ್ದ ಮೇವಿಸ್ ಪಿಸುಗುಟ್ಟಿದಳು. "ಸದ್ದು ಮಾಡ್ದೆ ಬಾ ಇಲ್ಲಿ."

ಹೊರಗೆ, ಚಾಚಿದ ಗೋಡೆಯ ಮಗ್ಗುಲಲ್ಲೇ, ಆಗಷ್ಟೇ ಹುಟ್ಟಿದ ಮೂಸ್ ಎಂಬ ದೈತ್ಯ ಜಿಂಕೆಯ ಕರುವೊಂದು ಒದ್ದೆ ಮುದ್ದೆಯಾಗಿ ಬಿದ್ದಿತ್ತು. ಕುದುರೆಗಿಂತ ಎತ್ತರದ ತಾಯಿ ಅದನ್ನು ನೆಕ್ಕುತ್ತಿತ್ತು. ಕರು ಎದ್ದಿತು, ಕುಸಿಯಿತು. ಮತ್ತೆ ಎದ್ದಿತು, ಮತ್ತೆ ಕುಸಿಯಿತು. ಓರ್ವಿಲ್ ಯಾವಾಗಲೋ ತಲೆಯ ಟೋಪಿ ತೆಗೆದು ಎದೆಗೊತ್ತಿಕೊಂಡಿದ್ದ. ಐನೂರು ಕಿಲೋಮೀಟರ್ ಎಲ್ಲಿ ಹೋಯಿತೋ, ಅವನಿಗೇ ತಿಳಿಯಲಿಲ್ಲ.

ತಾಯಿ ತಲೆಯೆತ್ತಿ ನೇರ ಮೇವಿಸಳನ್ನು ನೋಡಿತು. ಅದರ ಉಸಿರಿಗೆ ಅವಳ ಕಡೆಯ ಗಾಜು ಪೂರ್ತಿ ಮಬ್ಬಾಯಿತು. ಒರೆಸಲು ಕೈಯೆತ್ತುವ ಧೈರ್ಯವೂ ಅವಳಿಗಾಗಲಿಲ್ಲ.

"ನಾಲ್ಕೂ ಕಾಲು ನೆಲದ ಮೇಲೆ?" ಎಂದಷ್ಟೇ ಕೇಳಿದಳು.

ಓರ್ವಿಲ್ ತನ್ನ ಕಡೆಯ ಗಾಜಿನಲ್ಲಿ ಕರುವನ್ನು ನೋಡುತ್ತಲೇ ಇದ್ದ. ಬಹಳ ಹೊತ್ತಿನ ಮೇಲೆ ಮೆಲ್ಲಗೆ ಹೇಳಿದ:

"ಆಯ್ತು."