ಮಂಗಳಕ್ಕೆ ಹೋದ ಅಪ್ಪನ ದನಿ

ಮಂಗಳ ಗ್ರಹದಲ್ಲಿದ್ದ ತಂಗಿ ಕಸ್ತೂರಿಯ ಮನೆಯ ಹಾಡು-ಸಿನಿಮಾದ ಲಿನಕ್ಸ್ ಕಂಪ್ಯೂಟರನ್ನು ಬಾಳವ್ವ ಗದಗಿನ ಅಡುಗೆಮನೆಯಲ್ಲೇ ಕೂತು ಸಜ್ಜುಗೊಳಿಸುತ್ತಿದ್ದಳು. ಒಂದು ಕಮಾಂಡ್ ಕಳಿಸಿದರೆ ಉತ್ತರ ಬರುವಷ್ಟರಲ್ಲಿ ಬುಟ್ಟಿ ತುಂಬ ರೊಟ್ಟಿ ಬೇಯುತ್ತಿದ್ದವು.

“ಭೂಮಿ ಮ್ಯಾಲೆ ಕುಂತು ಇದನ್ನ ಯಾರ್ ಮಾಡ್ತಾರ ಅಂತ ಓಣಿ ಮಂದಿ ನಗಾಕತ್ತಾರಕ್ಕಾ,” ಎಂದು ಕಸ್ತೂರಿ ಬೆಳಿಗ್ಗೆ ಅಳುದನಿಯಲ್ಲಿ ಹೇಳಿ ಕಳಿಸಿದ್ದಳು. ಅಪ್ಪನ ದೊಡ್ಡಾಟದ ಹಾಡಿನ ರೆಕಾರ್ಡಿಂಗ್ ಕೇಳಿಸುತ್ತೇನೆಂದು ಅವಳು ಅವರನ್ನೆಲ್ಲ ಅವತ್ತಿಗೇ ಕರೆದೂ ಆಗಿತ್ತು.

ಉಳಿದದ್ದು ಕೊನೆಯ ಕಮಾಂಡ್. ಒಂದಕ್ಷರ ತಪ್ಪಿದರೂ ಆ ಕಂಪ್ಯೂಟರ್ ಬಾಳವ್ವನಿಗೇ ಬಾಗಿಲು ಹಾಕಿಬಿಡುತ್ತಿತ್ತು. ಅವಳು ಹಿಟ್ಟಿನ ಕೈ ತೊಳೆದು, ಓದಿ, ಮತ್ತೊಮ್ಮೆ ಓದಿ ಕಳಿಸಿದಳು. ರೊಟ್ಟಿ ಮುಗಿದರೂ ಉತ್ತರವಿಲ್ಲ. ಕಳಿಸಿದ್ದನ್ನೇ ಅವಳು ಮತ್ತೆ ಅಕ್ಷರಕ್ಕಕ್ಷರ ಓದತೊಡಗಿದಳು.

ಕೊನೆಗೆ ಪರದೆ ಬೆಳಗಿತು. ಕಸ್ತೂರಿಯ ಮನೆಯಲ್ಲಿ ಮಂದಿ ಒತ್ತಾಗಿ ಕೂತಿದ್ದರು, ಅಪ್ಪನ ದನಿ ಕೋಣೆಯನ್ನೆಲ್ಲ ತುಂಬಿತ್ತು.

“ಯಾವ ಇಂಜಿನಿಯರ್ ಮಾಡ್ಯಾನವ್ವಾ ಇದನ್ನ?” ಎಂದು ಮುದುಕನೊಬ್ಬ ಕೇಳಿದ.

“ನಮ್ಮಕ್ಕ ಮಾಡ್ಯಾಳ್ರೀ,” ಎಂದಳು ಕಸ್ತೂರಿ, ಎದೆಯುಬ್ಬಿಸಿ.

“ಹಂಗಾದ್ರ ಸ್ವಲ್ಪ ಜೋರ್ ಇಡಾಕ ಹೇಳವಾ ಆಕಿಗೆ. ಹಿಂದ ಕೇಳ್ಸವಲ್ದು.”

ಬಾಳವ್ವ ಗದಗಿನಿಂದಲೇ ಹಾಡಿನ ದನಿ ಏರಿಸುವ ಕಮಾಂಡ್ ಕಳಿಸಿದಳು. ಅದು ತಲುಪುವಷ್ಟರಲ್ಲಿ ಆ ಹಾಡು ಮುಗಿದಿರುತ್ತದೆಂದು ಅವಳಿಗೆ ಗೊತ್ತಿತ್ತು. ಮುಂದಿನ ಹಾಡನ್ನು ಅಪ್ಪ ಇನ್ನೂ ಚೆಂದ ಹಾಡಿದ್ದಾನೆಂಬುದೂ ಗೊತ್ತಿತ್ತು.